ಮಳೆಗಾಲದಲ್ಲಿ ಗೆಲಾಕ್ಸಿಯ ದೂರವನ್ನು ಅಳೆಯುವ ಬಗೆ

ಕಾಸರಗೋಡಿನ ಒಳನಾಡಿನಲ್ಲಿ ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕಳೆಯುವವರೆಗೆ ಆಕಾಶ ವೀಕ್ಷಕರಿಗೆ ಕೆಲಸವಿಲ್ಲವೆಂದೇ ಹೆಚ್ಚಿನವರ ಎಣಿಕೆ. ಆಟಿಯ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ನಕ್ಷತ್ರದ ಮಾತೆತ್ತಿದರೆ ಮನೆಯವರೇ ನಗುತ್ತಾರೆ. ಆದರೂ ನಾನು ಮಕ್ಕಳಿಗೆ ಗೆಲಾಕ್ಸಿಗಳ ಪಾಠವನ್ನು ಆರಂಭಿಸುವುದು ಈ ತಿಂಗಳುಗಳಲ್ಲೇ. ದೂರದ ಗೆಲಾಕ್ಸಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿಗಳಿಗೆ ದೊಡ್ಡ ದೂರದರ್ಶಕದಲ್ಲಿ ಸಿಗುವುದು ವರ್ಷಕ್ಕೆ ಕೆಲವೇ ರಾತ್ರಿ. ಉಳಿದ ಹೊತ್ತೆಲ್ಲ ಆ ರಾತ್ರಿಗಳಲ್ಲಿ ದೊರೆತ ರೋಹಿತಗಳನ್ನು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಗಳನ್ನು, ಓದುವುದರಲ್ಲೇ ಹೋಗುತ್ತದೆ. ಆ ಓದನ್ನು ಜಗಲಿಯಲ್ಲಿ ಕುಳಿತು, ಒಂದು ಅಳತೆಪಟ್ಟಿ ಮತ್ತು ಚೂಪಾದ ಪೆನ್ಸಿಲಿನಿಂದ ನಾವೂ ಮಾಡಬಹುದು.

ಮೊದಲು ಉಪಕರಣದ ಪರಿಚಯವಾಗಬೇಕು. ಹಳೆಯ ಸಿಡಿಯೊಂದರ ಮುದ್ರಿತ ಮುಖವನ್ನು ಮೊಳೆಯಿಂದ ಗೀರಿ, ಅದರ ಮೇಲೆ ಅಗಲದ ಅಂಟುಪಟ್ಟಿಯನ್ನು ಒತ್ತಿ ಎಳೆದರೆ ಬೆಳ್ಳಿಬಣ್ಣದ ಪದರ ಕಿತ್ತು ಬರುತ್ತದೆ. ಉಳಿದ ಪಾರದರ್ಶಕ ತಟ್ಟೆಯಲ್ಲಿ 1.6 ಮೈಕ್ರಾನ್ ಅಂತರದ ಸುರುಳಿ ಗೆರೆಗಳಿರುತ್ತವೆ, ಅಂದರೆ ಒಂದು ಮಿಲಿಮೀಟರಿಗೆ ಸುಮಾರು 625 ಗೆರೆ. ತಟ್ಟೆಯ ಹೊರ ಅಂಚಿನಿಂದಲೇ ಒಂದು ತುಂಡನ್ನು ಕತ್ತರಿಸಿಕೊಳ್ಳಿ. ಅಲ್ಲಿ ಗೆರೆಗಳ ಬಾಗು ಕಡಿಮೆ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಎರಡು ಬ್ಲೇಡುಗಳ ಅಂಚನ್ನು ಎದುರುಬದುರಾಗಿ ಅಂಟಿಸಿ, ನಡುವೆ ಕಾಗದದ ಒಂದೆರಡು ಹಾಳೆಗಳಷ್ಟೇ ಸಂದು ಬಿಡಬೇಕು. ಎದುರಿನ ತುದಿಯಲ್ಲಿ ತೂತು ಕೊರೆದು, ಗೆರೆಗಳು ಸಂದಿಗೆ ಸಮಾನಾಂತರವಾಗಿರುವಂತೆ ಸಿಡಿಯ ತುಂಡನ್ನು ಕೂರಿಸಬೇಕು. ಸಂದನ್ನು ಟ್ಯೂಬ್‌ಲೈಟಿನ ಕಡೆಗೆ ಹಿಡಿದು, ತೂತಿಗೆ ಕಣ್ಣಿಟ್ಟು, ನೋಟವನ್ನು ಸುಮಾರು 20 ಡಿಗ್ರಿ ಪಕ್ಕಕ್ಕೆ ಹೊರಳಿಸಿದರೆ ಬಣ್ಣದ ಪಟ್ಟಿಯ ನಡುವೆ ಗೆರೆ ಎಳೆದಂತೆ ಪಾದರಸದ ಹಸಿರು ರೇಖೆ ಎದ್ದು ಕಾಣುತ್ತದೆ. ಅದರ ತರಂಗಾಂತರ 5,461 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು). ಎಲ್‌ಇಡಿ ಬಲ್ಬಿನಲ್ಲಿ ಇಂಥ ರೇಖೆಗಳಿರುವುದಿಲ್ಲ; ಆದುದರಿಂದ ಹಿಂದಿನ ಕಾಲದ ಒಂದು ಟ್ಯೂಬ್‌ಲೈಟನ್ನಾದರೂ ಉಳಿಸಿಕೊಳ್ಳಿ. ಈ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಸೂರ್ಯನಿಗೆ ನೇರವಾಗಿ ಹಿಡಿಯಕೂಡದು.

ಆ ಹಸಿರು ರೇಖೆಯೇ ಇಡೀ ಕೆಲಸದ ಆಧಾರ. ತರಂಗಾಂತರ ಗೊತ್ತಿರುವ ಒಂದೆರಡು ರೇಖೆಗಳು ಪಟ್ಟಿಯ ಯಾವ ಜಾಗದಲ್ಲಿ ಬೀಳುತ್ತವೆ ಎಂದು ಗುರುತಿಸಿಕೊಂಡರೆ ಮಾತ್ರ ಗೊತ್ತಿಲ್ಲದ ರೇಖೆಯನ್ನು ಅಳೆಯಲು ಸಾಧ್ಯ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ; ಅಲ್ಲಿಯೂ ಗೆಲಾಕ್ಸಿಯ ರೋಹಿತವನ್ನು ಪಡೆಯುವಾಗ ಉಪಕರಣದೊಳಗಿನ ಕಬ್ಬಿಣ-ಆರ್ಗಾನ್ ದೀಪವನ್ನು ಹೊತ್ತಿಸಿ, ಅದರ ರೋಹಿತವನ್ನೂ ದಾಖಲಿಸಿಕೊಳ್ಳುತ್ತಾರೆ. ದೀಪದ ದಾಖಲೆ ಇಲ್ಲದ ರೋಹಿತ ತೂಕದ ಕಲ್ಲಿಲ್ಲದ ತಕ್ಕಡಿಯಂತೆ.

ಗೆಲಾಕ್ಸಿಯ ರೋಹಿತ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಸ್ಲೋನ್ ಡಿಜಿಟಲ್ ಸ್ಕೈ ಸರ್ವೇ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ 2.5 ಮೀಟರಿನ ದೂರದರ್ಶಕ 2000ದಿಂದ ಈ ಸಮೀಕ್ಷೆಯನ್ನು ನಡೆಸುತ್ತ ಬಂದಿದೆ. ಗೆಲಾಕ್ಸಿಗಳ ಸ್ಥಾನಕ್ಕೆ ಸರಿಯಾಗಿ ಅಲ್ಯೂಮಿನಿಯಂ ಫಲಕದಲ್ಲಿ ತೂತು ಕೊರೆದು, ಒಂದೊಂದು ತೂತಿಗೂ ಒಂದೊಂದು ಬೆಳಕಿನ ತಂತುವನ್ನು ಹಗಲಿನಲ್ಲಿ ಕೈಯಿಂದಲೇ ಸಿಕ್ಕಿಸುವ ಪದ್ಧತಿ ಅಲ್ಲಿ ಬಹುಕಾಲ ಇತ್ತು. ಮೊದಲು ಫಲಕಕ್ಕೆ 640 ತಂತುಗಳಿದ್ದವು, ನಂತರ 1,000 ಆದವು. ಈಗ ಆ ಕೆಲಸಕ್ಕೆ ರೋಬೋಟ್‌ಗಳು ಬಂದಿವೆ. ಸಮೀಕ್ಷೆಯ ಸ್ಕೈಸರ್ವರ್ ತಾಣದಲ್ಲಿ ಲಕ್ಷಗಟ್ಟಲೆ ರೋಹಿತಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಲ್ಲಿಯ ಚಿತ್ರಗಳಲ್ಲಿ ರೇಖೆಗಳ ಹೆಸರು ಮತ್ತು ಉತ್ತರ ಎರಡೂ ಅಚ್ಚಾಗಿಯೇ ಇರುತ್ತವೆಂಬುದು ಕಲಿಯುವವರಿಗೆ ಒಂದು ತೊಡಕು. ಅಂಕಿಗಳನ್ನು ಪಟ್ಟಿಯಾಗಿ ಇಳಿಸಿಕೊಂಡು, ಸ್ಪ್ರೆಡ್‌ಶೀಟಿನಲ್ಲಿ ನಾವೇ ನಕ್ಷೆ ಬಿಡಿಸಿ, ಹೆಸರುಗಳಿಲ್ಲದೆ ಮುದ್ರಿಸಿಕೊಳ್ಳುವುದು ಒಳ್ಳೆಯದು.

ಎ4 ಹಾಳೆಯನ್ನು ಅಡ್ಡಲಾಗಿಟ್ಟು, 4,000ದಿಂದ 9,000 ಆಂಗ್‌ಸ್ಟ್ರಾಂವರೆಗಿನ ಹರವು ಸರಿಯಾಗಿ 200 ಮಿಲಿಮೀಟರ್ ಆಗುವಂತೆ ಮುದ್ರಿಸಿದರೆ ಒಂದು ಮಿಲಿಮೀಟರಿಗೆ 25 ಆಂಗ್‌ಸ್ಟ್ರಾಂ ಬರುತ್ತದೆ. ಪ್ರಕಾಶದ ರೇಖೆಗಳು ಈ ನಕ್ಷೆಯಲ್ಲಿ ಶಿಖರಗಳಾಗಿ ಕಾಣುತ್ತವೆ; ಇನ್ನು ಅವನ್ನು ಹುಡುಕಬೇಕು. ನಕ್ಷತ್ರಗಳು ಹುಟ್ಟುತ್ತಿರುವ ಗೆಲಾಕ್ಸಿಯಲ್ಲಿ ಜಲಜನಕದ ಆಲ್ಫಾ ರೇಖೆ 6,563ರಲ್ಲಿ, ಬೀಟಾ ರೇಖೆ 4,861ರಲ್ಲಿ, ಆಮ್ಲಜನಕದ ಜೋಡಿ ರೇಖೆಗಳು 4,959 ಮತ್ತು 5,007ರಲ್ಲಿ ಹುಟ್ಟುತ್ತವೆ. ಇವು ಪ್ರಯೋಗಶಾಲೆಯ ಅಂಕಿಗಳು. ಗೆಲಾಕ್ಸಿ ನಮ್ಮಿಂದ ದೂರ ಸರಿಯುತ್ತಿದ್ದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕೆಂಪಿನ ಕಡೆಗೆ ಜರುಗಿರುತ್ತವೆ. ಎಲ್ಲಕ್ಕಿಂತ ಎತ್ತರದ ಶಿಖರ ಎಡ ಅಂಚಿನಿಂದ 115 ಮಿಲಿಮೀಟರಿನ ಮೇಲೆ ಅರ್ಧ ದಾಟಿದೆ ಎಂದಿಟ್ಟುಕೊಳ್ಳಿ: ಅದು 6,888 ಆಂಗ್‌ಸ್ಟ್ರಾಂ. ಅದು ಆಲ್ಫಾ ರೇಖೆ ಎಂದು ಹಿಡಿದು, ಅದರಿಂದ 6,563ನ್ನು ಕಳೆದರೆ 325. ಅದನ್ನು 6,563ರಿಂದ ಭಾಗಿಸಿದರೆ ಕೆಂಪು ಪಲ್ಲಟ 0.0495. ಇದನ್ನು ಬೆಳಕಿನ ವೇಗವಾದ ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಿಂದ ಗುಣಿಸಿದರೆ ಗೆಲಾಕ್ಸಿ ಸರಿಯುವ ವೇಗ ಸೆಕೆಂಡಿಗೆ ಸುಮಾರು 14,900 ಕಿಲೋಮೀಟರ್. ಗೆಲಾಕ್ಸಿ ದೂರವಿದ್ದಷ್ಟೂ ಅದರ ವೇಗ ಹೆಚ್ಚು; ಒಂದು ಮೆಗಾಪಾರ್ಸೆಕ್ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಹೆಚ್ಚುತ್ತದೆ ಎಂಬುದೇ ಹಬಲ್ ಸ್ಥಿರಾಂಕ. ಅದನ್ನು 70 ಎಂದು ಹಿಡಿದು ಭಾಗಿಸಿದರೆ 212 ಮೆಗಾಪಾರ್ಸೆಕ್, ಅಂದರೆ ಸುಮಾರು 69 ಕೋಟಿ ಜ್ಯೋತಿರ್ವರ್ಷ. 70 ಎಂಬುದು ಒಂದು ರಾಜಿಯ ಅಂಕಿ. ಒಂದು ವಿಧಾನದಲ್ಲಿ ಅಳೆದವರಿಗೆ 67ರ ಆಸುಪಾಸು, ಇನ್ನೊಂದು ವಿಧಾನದಲ್ಲಿ ಅಳೆದವರಿಗೆ 73ರ ಆಸುಪಾಸು ಬರುತ್ತಿದ್ದು, ಆ ತಕರಾರು ಇನ್ನೂ ಬಗೆಹರಿದಿಲ್ಲ.

ಅಳತೆಪಟ್ಟಿಯ ಮೇಲೆ ಅರ್ಧ ಮಿಲಿಮೀಟರ್ ಎಡವಿದರೆ ವೇಗದಲ್ಲಿ ಸುಮಾರು 570 ಕಿಲೋಮೀಟರ್, ದೂರದಲ್ಲಿ ಎರಡೂವರೆ ಕೋಟಿ ಜ್ಯೋತಿರ್ವರ್ಷಕ್ಕೂ ಮಿಕ್ಕಿದ ವ್ಯತ್ಯಾಸ ಬರುತ್ತದೆ. ಉತ್ತರದ ಪಕ್ಕದಲ್ಲೇ ಇದನ್ನೂ ಬರೆಯುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಮಾಡಿಸಬೇಕು.

ಒಂದೇ ಶಿಖರವನ್ನು ನಂಬಿ ಲೆಕ್ಕ ಮುಗಿಸಬಾರದೆಂಬುದನ್ನು ನಾನು ಕಲಿತದ್ದು ಮುಖಭಂಗವಾದ ಮೇಲೆ. ಕೆಲವು ವರ್ಷಗಳ ಹಿಂದೆ ತರಗತಿಯೊಂದರಲ್ಲಿ 6,760ರಲ್ಲಿ ಎದ್ದು ನಿಂತಿದ್ದ ಶಿಖರವನ್ನು ಜಲಜನಕದ ಆಲ್ಫಾ ಎಂದು ತೀರ್ಮಾನಿಸಿ, ಕೆಂಪು ಪಲ್ಲಟ 0.03 ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಫೋನಿನಲ್ಲಿ ಸಮೀಕ್ಷೆಯ ಪುಟವನ್ನು ತೆರೆದು, "ಸರ್, ಇದರಲ್ಲಿ 0.35 ಎಂದುಂಟಲ್ಲ?" ಎಂದಳು. ಅದು ಆಮ್ಲಜನಕದ 5,007ರ ರೇಖೆಯಾಗಿತ್ತು. ಎಡಗಡೆ 6,695ರಲ್ಲಿ ಅದರ ಮೂರನೆಯ ಒಂದರಷ್ಟು ಎತ್ತರದ ಜೋಡಿ ಇತ್ತು, ನಾನು ನೋಡಿರಲಿಲ್ಲ. ನಿಜವಾದ ಆಲ್ಫಾ 8,860ರಲ್ಲಿತ್ತು. ನಾನು ನಕ್ಷೆಯನ್ನು 8,000ಕ್ಕೇ ಕತ್ತರಿಸಿದ್ದೆ. ಇನ್ನೂ ತಮಾಷೆಯೆಂದರೆ ಬೀಟಾ ರೇಖೆ ಜರುಗಿ 6,562ಕ್ಕೆ ಬಂದು, ಜರುಗದ ಆಲ್ಫಾದ ಜಾಗದಲ್ಲೇ ಕುಳಿತಿತ್ತು. ಆದುದರಿಂದ ಕನಿಷ್ಠ ಮೂರು ರೇಖೆಗಳಾದರೂ ಒಂದೇ ಪಲ್ಲಟವನ್ನು ಕೊಡುವವರೆಗೆ ಉತ್ತರವನ್ನು ಒಪ್ಪಬೇಡಿ. ಹಿಂದಿನ ಉದಾಹರಣೆಯಲ್ಲಿ ಬೀಟಾ 44ನೆಯ, ಆಮ್ಲಜನಕದ ದೊಡ್ಡ ರೇಖೆ 50ನೆಯ ಮಿಲಿಮೀಟರಿನಲ್ಲಿ ಸಿಗಲೇಬೇಕು. ಸಿಗದಿದ್ದರೆ ಹೆಸರಿಟ್ಟದ್ದೇ ತಪ್ಪು. 5,577ರಲ್ಲಿ ಸೂಜಿಯಂತೆ ಚುಚ್ಚಿ ನಿಲ್ಲುವ ರೇಖೆಯನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಅದು ನಮ್ಮದೇ ವಾತಾವರಣದ ಆಮ್ಲಜನಕದ ಮಿನುಗು, ರೋಹಿತದಿಂದ ಆಕಾಶದ ಬೆಳಕನ್ನು ಕಳೆದ ಮೇಲೂ ಉಳಿದದ್ದು.

ಪಲ್ಲಟ 0.1ನ್ನು ದಾಟಿದ ಮೇಲೆ ಮೇಲಿನ ಸರಳ ಗುಣಾಕಾರ, ಭಾಗಾಕಾರ ಸಾಲದು. 0.35ರ ಆ ಗೆಲಾಕ್ಸಿಯ ಬೆಳಕು ಹೊರಟು ಸುಮಾರು 400 ಕೋಟಿ ವರ್ಷಗಳಾಗಿವೆ ಎಂದು ಹೇಳುವುದೇ ಸರಿಯಾದ ಕ್ರಮ.

ಇನ್ನು ಅಕ್ಟೋಬರ್ ಕಳೆದು ಆಕಾಶ ತಿಳಿಯಾದಾಗ ಕಣ್ಣಾರೆ ನೋಡಬೇಕಾದದ್ದು ಆಂಡ್ರೊಮಿಡಾ ಗೆಲಾಕ್ಸಿಯನ್ನು. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಇದು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ನಮ್ಮ ಹಾಳೆಯಲ್ಲಿ ಆ ಪಲ್ಲಟ ಕಾಲು ಮಿಲಿಮೀಟರ್, ಪೆನ್ಸಿಲ್ ಗೀಟಿನ ದಪ್ಪ. 1912ರಲ್ಲಿ ಅರಿಝೋನಾದ ಲೊವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್ 24 ಇಂಚಿನ ದೂರದರ್ಶಕದಲ್ಲಿ ಒಂದೇ ಗಾಜಿನ ಫಲಕಕ್ಕೆ ಹಲವು ಗಂಟೆ ಬೆಳಕು ಬೀಳಿಸಿ ಅದನ್ನು ಅಳೆದರು. ಗೆಲಾಕ್ಸಿಯೊಂದರ ವೇಗವನ್ನು ಮನುಷ್ಯ ಅಳೆದದ್ದು ಅದೇ ಮೊದಲು.

ಅಡಿಕೆ ತೋಟದ ನಡುವಿನ ಮನೆಯಂಗಳದಿಂದ ಉತ್ತರ ದಿಕ್ಕು ಸಾಕಷ್ಟು ಕಾಣದು. ಹೆದ್ದಾರಿಯ ದೀಪಗಳಿಂದ ದೂರದ ಕೆಂಪುಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಬಯಲನ್ನೋ, ಪೊಸಡಿ ಗುಂಪೆಯಂಥ ಗುಡ್ಡವನ್ನೋ ಹತ್ತಬೇಕು. ನವೆಂಬರ್ ನಡುವಿನ ಅಮಾವಾಸ್ಯೆಯ ಆಸುಪಾಸಿನಲ್ಲಿ ರಾತ್ರಿ ಒಂಬತ್ತೂವರೆಗೆ ಈ ಗೆಲಾಕ್ಸಿ ನಮ್ಮೂರಿನಲ್ಲಿ ಉತ್ತರದ ದಿಗಂತದಿಂದ ಸುಮಾರು 60 ಡಿಗ್ರಿ ಎತ್ತರದಲ್ಲಿರುತ್ತದೆ. ನೆತ್ತಿಯ ಹತ್ತಿರದ ದೊಡ್ಡ ಚೌಕವನ್ನು, ಅಂದರೆ ಪೂರ್ವಾಭಾದ್ರ ಮತ್ತು ಉತ್ತರಾಭಾದ್ರದ ನಾಲ್ಕು ನಕ್ಷತ್ರಗಳನ್ನು ಗುರುತಿಸಿ, ಅದರ ಈಶಾನ್ಯ ಮೂಲೆಯಿಂದ ಹೊರಟ ಸಾಲಿನಲ್ಲಿ ಮಿರಾಕ್ ಎಂಬ ಕೆಂಪು ಛಾಯೆಯ ನಕ್ಷತ್ರಕ್ಕೆ ಬನ್ನಿ. ಅಲ್ಲಿಂದ ಉತ್ತರಕ್ಕೆ ತಿರುಗಿ ಒಂದು ಮಸುಕು ನಕ್ಷತ್ರವನ್ನು ಹಿಡಿದು, ಅಷ್ಟೇ ದೂರ ಮತ್ತೆ ಮುಂದೆ ಹೋದರೆ ಒಂದು ಬಿಳಿ ಮಬ್ಬು ಕಾಣುತ್ತದೆ. 10×50 ಬೈನಾಕ್ಯುಲರ್ ಇದ್ದರೆ ಅದು ಮೊಟ್ಟೆಯಾಕಾರದಲ್ಲಿ ಉದ್ದವಾಗುತ್ತದೆ. ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ.

ಆ ಬೈನಾಕ್ಯುಲರ್ ನವೆಂಬರ್‌ವರೆಗೆ ಉಳಿಯಬೇಕಾದರೆ ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿನಲ್ಲಿ ಮರೆಯಕೂಡದು. ನಮ್ಮ ತೇವಕ್ಕೆ ಮಸೂರದ ಮೇಲೆ ಜೇಡನ ಬಲೆಯಂಥ ಬೂಷ್ಟು ಬೆಳೆದು ಗಾಜನ್ನೇ ಕೊರೆಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಜೆಲ್ಲಿನ ಬಣ್ಣ ಬದಲಾದಾಗಲೆಲ್ಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿಕೊಳ್ಳಬೇಕು. ಪದವಿನ ಮೇಲೆ ರಾತ್ರಿ ಹನ್ನೊಂದರ ಹೊತ್ತಿಗೆ ಮಸೂರದ ಮೇಲೆ ಇಬ್ಬನಿ ಕೂತರೆ ಪಂಚೆಯ ತುದಿಯಿಂದ ಒರೆಸಬೇಡಿ. ಕಂಬಳಿಯೊಳಗೆ ಮೈಗೆ ತಾಗಿಸಿ ಹತ್ತು ನಿಮಿಷ ಇಟ್ಟುಕೊಂಡರೆ ಅದು ತಾನಾಗಿ ಆರುತ್ತದೆ.