ದರಕ್ಕಿಂತ ಮೊದಲು ಅಪಾಯ: ಖರೀದಿ ವಿಭಾಗಕ್ಕೊಂದು ಮಾರ್ಗದರ್ಶಿ

ಖರೀದಿ ವಿಭಾಗದ ಕೆಲಸವನ್ನು ದರ ಎಷ್ಟು ಇಳಿಯಿತು ಎಂಬುದರಿಂದಲೇ ಅಳೆಯುವುದು ರೂಢಿ. ಹಲವು ದೇಶಗಳಿಂದ ಮಾಲು ತರಿಸುವ ಕಾರ್ಖಾನೆಗೆ ಈ ಅಳತೆ ಸಾಲದು. ಕಳೆದ ವರ್ಷದ ಖರೀದಿ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ವಸ್ತುವಿನ ಎದುರು ಎರಡು ಸಂಗತಿಗಳನ್ನು ಬರೆಯಿರಿ: ಅದಕ್ಕೆ ತಗುಲಿದ ಹಣ, ಮತ್ತು ಅದರ ಪೂರೈಕೆ ನಿಂತರೆ ಬೇರೆಡೆಯಿಂದ ಹೊಂದಿಸಿಕೊಳ್ಳಲು ಬೇಕಾಗುವ ಕಾಲ. 1983ರಲ್ಲಿ ನಿರ್ವಹಣಾ ಸಲಹೆಗಾರ ಪೀಟರ್ ಕ್ರಾಲ್ಜಿಕ್ ಮುಂದಿಟ್ಟ, ವಸ್ತುಗಳನ್ನು ಹಣದ ತೂಕ ಮತ್ತು ಪೂರೈಕೆಯ ಅಪಾಯ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ವಿಂಗಡಿಸುವ ನಾಲ್ಕು ಮನೆಗಳ ಕೋಷ್ಟಕದ ತಿರುಳು ಹೆಚ್ಚುಕಡಿಮೆ ಇದೇ.

ಪೀಣ್ಯದ ಪಂಪ್ ತಯಾರಕರೊಬ್ಬರನ್ನು ಊಹಿಸಿಕೊಳ್ಳಿ. ಎರಕದ ಭಾಗಗಳಿಗೆ ಅವರು ದೊಡ್ಡ ಮೊತ್ತ ತೆರಬಹುದು. ಆದರೆ ಬೆಳಗಾವಿಯಲ್ಲಿ ಫೌಂಡ್ರಿಗಳಿಗೆ ಕೊರತೆಯಿಲ್ಲದ ಕಾರಣ ಅಲ್ಲಿ ಕೊಟೇಷನ್ ತರಿಸಿ ಚೌಕಾಸಿ ಮಾಡುವುದು ಸರಿ. ಕಂಟ್ರೋಲ್ ಪ್ಯಾನೆಲ್‌ನೊಳಗಿನ ಹೊರದೇಶದ ಪುಟ್ಟ ಚಿಪ್‌ನ ಬೆಲೆ ಅದರ ಮುಂದೆ ಏನೂ ಅಲ್ಲ. ಆದರೂ ಅದು ಸಿಗದೇ ಹೋದರೆ ಬೋರ್ಡ್‌ನ ವಿನ್ಯಾಸ ಬದಲಿಸಿ, ಸಾಫ್ಟ್‌ವೇರ್ ತಿದ್ದಿ, ಮತ್ತೆ ಪರೀಕ್ಷೆಗೆ ಒಡ್ಡುವಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಇಂಥ ವಸ್ತುವಿನ ದರದಲ್ಲಿ ನಾಲ್ಕು ಕಾಸು ಉಳಿಸಲು ಹೆಣಗುವ ಬದಲು ಹೆಚ್ಚುವರಿ ದಾಸ್ತಾನು ಇರಿಸಿ, ಬದಲಿ ಚಿಪ್ಪೊಂದಕ್ಕೆ ಎಂಜಿನಿಯರಿಂಗ್ ವಿಭಾಗದ ಒಪ್ಪಿಗೆಯನ್ನು ಬಿಡುವಿನ ಕಾಲದಲ್ಲೇ ಪಡೆದಿಡಿ.

ಮುಂದಿನ ಹೆಜ್ಜೆ, ನಿಮ್ಮ ಪೂರೈಕೆದಾರರಿಗೆ ಮಾಲು ಕೊಡುವವರು ಯಾರೆಂದು ತಿಳಿಯುವುದು. 2011ರ ಜಪಾನ್ ಭೂಕಂಪದ ನಂತರ ಟೊಯೋಟಾ ಈ ಕೆಳಹಂತದ ಜಾಲವನ್ನೆಲ್ಲ ಗುರುತಿಸಿ, ಚಿಪ್‌ಗಳನ್ನು ಎರಡರಿಂದ ಆರು ತಿಂಗಳ ಮಟ್ಟಿಗೆ ದಾಸ್ತಾನು ಇಡುವಂತೆ ಪೂರೈಕೆದಾರರಿಗೆ ಸೂಚಿಸಿತು. 2021ರ ಆರಂಭದಲ್ಲಿ ಚಿಪ್ ಕೊರತೆಯಿಂದ ಇತರ ಕಾರು ತಯಾರಕರು ಉತ್ಪಾದನೆ ಕಡಿತಗೊಳಿಸಿದಾಗ ಕೆಲಕಾಲವಾದರೂ ಟೊಯೋಟಾವನ್ನು ಕಾಪಾಡಿದ್ದು ಈ ಏರ್ಪಾಡು. ಎರಡು ಪೂರೈಕೆದಾರರಿದ್ದೂ ಇಬ್ಬರೂ ಒಂದೇ ಕಾರ್ಖಾನೆಯಿಂದ ತರುತ್ತಿದ್ದರೆ, ನಿಮಗಿರುವುದು ಒಂದೇ ಮೂಲ.

ಕೆಟ್ಟ ಸುದ್ದಿ ಬೇಗ ತಲುಪುವ ದಾರಿಯೂ ಬೇಕು. 2000ದ ಮಾರ್ಚ್‌ನಲ್ಲಿ ಅಮೆರಿಕದ ಆಲ್ಬುಕರ್ಕಿಯ ಫಿಲಿಪ್ಸ್ ಚಿಪ್ ಘಟಕದಲ್ಲಿ ಸಣ್ಣ ಬೆಂಕಿ ಹೊತ್ತಿ, ಬೇಗನೆ ಆರಿತು. ಮೊಬೈಲ್ ತಯಾರಕರಾದ ನೋಕಿಯಾ, ಎರಿಕ್‌ಸನ್ ಎರಡೂ ಅಲ್ಲಿಂದ ಚಿಪ್ ತರಿಸುತ್ತಿದ್ದವು. ನೋಕಿಯಾ ಕೂಡಲೇ ಬೆನ್ನುಹತ್ತಿ ಬೇರೆ ಮೂಲಗಳನ್ನು ಕಾದಿರಿಸಿಕೊಂಡಿತು. ಒಂದು ವಾರದ ತಡವೆಂಬ ಮಾತನ್ನು ನಂಬಿ ಕುಳಿತ ಎರಿಕ್‌ಸನ್ ಸುಮಾರು 40 ಕೋಟಿ ಡಾಲರ್ ಮಾರಾಟ ಕಳೆದುಕೊಂಡಿತು.

ಕರಾರಿನಲ್ಲಿ ಸಾಗಣೆಯ ಷರತ್ತನ್ನು ಎರಡು ಬಾರಿ ಓದಿ. ಸಿಐಎಫ್ (ಮಾಲಿನ ಬೆಲೆಯಲ್ಲೇ ವಿಮೆ, ಹಡಗು ಬಾಡಿಗೆ ಸೇರಿರುವ ಷರತ್ತು) ಎಂದರೆ ನಮ್ಮ ಬಂದರು ಮುಟ್ಟುವವರೆಗಿನ ಹೊಣೆ ಮಾರಾಟಗಾರರದೆಂದು ಅನೇಕರು ತಿಳಿದಿರುತ್ತಾರೆ. ಬಾಡಿಗೆ, ವಿಮೆ ಅವರದು ನಿಜ. ಆದರೆ ಮಾಲು ಹಡಗೇರಿದ ಗಳಿಗೆಯಿಂದ ನಷ್ಟದ ಅಪಾಯ ಕೊಳ್ಳುವವರದೇ, ಮತ್ತು ಮಾರಾಟಗಾರರು ಮಾಡಿಸಬೇಕಾದ ವಿಮೆಯೂ ಕನಿಷ್ಠ ಮಟ್ಟದ್ದು. ದುಬಾರಿ ಮಾಲಿಗೆ ಪ್ರತ್ಯೇಕ ವಿಮೆ ಮಾಡಿಸುವುದು ಲೇಸು.

ಸಂಬಂಧ ಉಳಿಸಿಕೊಳ್ಳುವ ಮಾತು ಬಂದಾಗ, ಸಭೆ, ಪ್ರಶಸ್ತಿಪತ್ರಗಳಿಗಿಂತ ಸಕಾಲದ ಪಾವತಿಯೇ ಹೆಚ್ಚು ಕೆಲಸ ಮಾಡುತ್ತದೆ. ನೋಂದಾಯಿತ ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲವೆಂದು 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯೇ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ತೆರಬೇಕು. ಪಾವತಿಯ ಜೊತೆಗೆ ಮುಂದಿನ ಆರು ತಿಂಗಳ ಬೇಡಿಕೆಯ ಅಂದಾಜನ್ನು ಪ್ರತಿ ತಿಂಗಳೂ ಕಳುಹಿಸಿ, ಅದು ಇಳಿದರೆ ಅಂದೇ ತಿಳಿಸಿ. ಮಾಲಿಗೆ ಅಭಾವ ಬಂದಾಗ ಯಾರಿಗೆ ಮೊದಲು ಕೊಡಬೇಕೆಂದು ಪೂರೈಕೆದಾರರು ನಿರ್ಧರಿಸುವುದು ಈ ದಾಖಲೆಯನ್ನು ನೋಡಿಯೇ.