ಶಿಕಾಗೊ ಬೇರ್ಸ್ ತಂಡದ ಶ್ರೇಷ್ಠ ರನ್ನಿಂಗ್ ಬ್ಯಾಕ್‌ಗಳ ಪಟ್ಟಿ ಮಾಡುವುದು ಹೇಗೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡ ಶಿಕಾಗೊ ಬೇರ್ಸ್ ಪರವಾಗಿ ಚೆಂಡು ಹಿಡಿದು ಅತಿ ಹೆಚ್ಚು ಯಾರ್ಡ್ ಓಡಿದವರ ಪಟ್ಟಿ ತೆಗೆದರೆ ಮೊದಲ ಐದು ಹೆಸರು ಹೀಗಿವೆ: ವಾಲ್ಟರ್ ಪೇಟನ್ 16,726, ಮ್ಯಾಟ್ ಫೋರ್ಟೆ 8,602, ನೀಲ್ ಆ್ಯಂಡರ್ಸನ್ 6,166, ರಿಕ್ ಕಸಾರೆಸ್ 5,657, ಗೇಲ್ ಸೇಯರ್ಸ್ 4,956. ಬ್ರಾಂಕೊ ನಗುರ್ಸ್ಕಿ ಹೆಸರು ಸಿಗಬೇಕಾದರೆ ಇನ್ನೂ ಕೆಳಗೆ ಹೋಗಬೇಕು. ಅವರ ಲೆಕ್ಕ 2,778. ಬಹಳ ಜನ ಇದೇ ಪಟ್ಟಿಗೆ ‘ಸಾರ್ವಕಾಲಿಕ ಶ್ರೇಷ್ಠರು’ ಎಂದು ತಲೆಬರಹ ಹಾಕಿ ಮುಗಿಸುತ್ತಾರೆ. ಅದು ಸರಿಯಲ್ಲ. ಯಾರು ಎಷ್ಟು ಓಡಿದರು ಎಂಬುದು ಅದರಲ್ಲಿದೆ. ಎಷ್ಟು ಪಂದ್ಯಗಳಲ್ಲಿ, ಯಾವ ಕಾಲದಲ್ಲಿ, ಎಂಥ ತಂಡದೊಳಗೆ ನಿಂತು ಓಡಿದರು ಎಂಬುದು ಅದರಲ್ಲಿಲ್ಲ. ಯಾರ್ಡಿನ ಪಕ್ಕದಲ್ಲಿ ಅವಕಾಶವನ್ನೂ ಬರೆದುಕೊಂಡರೆ ಮಾತ್ರ ನಂಬುವಂಥ ಪಟ್ಟಿ ಆಗುತ್ತದೆ.

ಅಮೆರಿಕನ್ ಫುಟ್‌ಬಾಲ್ ಈಗಷ್ಟೇ ನೋಡತೊಡಗಿದವರಿಗೆ ಎರಡು ಮಾತು. ಗೋಲ್ ಗೆರೆಯಿಂದ ಗೋಲ್ ಗೆರೆಗೆ ಮೈದಾನ 100 ಯಾರ್ಡ್. ನಾಲ್ಕು ಪ್ರಯತ್ನದೊಳಗೆ 10 ಯಾರ್ಡ್ ಮುಂದೆ ಹೋದರೆ ಚೆಂಡು ನಿಮ್ಮ ಹತ್ತಿರವೇ ಉಳಿಯುತ್ತದೆ. ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಇಸಿದುಕೊಂಡು ಎದುರಾಳಿಗಳ ನಡುವೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಹಾಗೆ ನುಗ್ಗಿದ ಪ್ರತಿ ಓಟವೂ ಒಂದು ಕ್ಯಾರಿ. ಒಂದು ಕ್ಯಾರಿಗೆ ಸರಾಸರಿ 4 ಯಾರ್ಡ್ ದಾಟಿದರೆ ಒಳ್ಳೆಯ ಆಟ ಎಂದೇ ಲೆಕ್ಕ.

ಮೊದಲು ಹಾಳೆ ಸಿದ್ಧ ಮಾಡಿ

ಪ್ರೊ ಫುಟ್‌ಬಾಲ್ ರೆಫರೆನ್ಸ್ ಜಾಲತಾಣದಲ್ಲಿ ಪ್ರತಿ ಆಟಗಾರನ ಋತುವಾರು ಅಂಕಿಗಳು ಉಚಿತವಾಗಿ ಸಿಗುತ್ತವೆ. ಒಂದು ಸ್ಪ್ರೆಡ್‌ಶೀಟ್ ತೆರೆದು ಒಂದು ಋತುವಿಗೆ ಒಂದು ಸಾಲಿನಂತೆ ತುಂಬಿಕೊಳ್ಳಿ: ವರ್ಷ, ಆಡಿದ ಪಂದ್ಯ, ತಂಡ ಆಡಿದ ಪಂದ್ಯ, ಕ್ಯಾರಿ, ಯಾರ್ಡ್, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು), ಕ್ಯಾಚ್, ಕ್ಯಾಚಿನ ಯಾರ್ಡ್, ಫಂಬಲ್ (ಚೆಂಡು ಕೈಬಿಡುವುದು). ಕೊನೆಗೆ ‘ಟಿಪ್ಪಣಿ’ ಎಂದು ಅಗಲವಾದ ಒಂದು ಕಾಲಂ ಬಿಡಿ. ಕೆಲಸ ಮುಂದುವರಿದಂತೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಅದೇ. ಪ್ಲೇಆಫ್ ಪಂದ್ಯಗಳು ಬೇರೆ ಹಾಳೆಯಲ್ಲಿರಲಿ. ಎಲ್ಲರಿಗೂ ಪ್ಲೇಆಫ್ ಸಿಕ್ಕಿಲ್ಲ. ಸೇಯರ್ಸ್‌ಗೆ ಒಂದು ಪಂದ್ಯವೂ ಸಿಗಲಿಲ್ಲ.

ಇಲ್ಲಿ ಮಾಮೂಲಾಗಿ ಆಗುವ ತಪ್ಪು, ಇಡೀ ವೃತ್ತಿಜೀವನದ ಮೊತ್ತವನ್ನು ತಂಡದ ಮೊತ್ತವೆಂದು ಬರೆದುಬಿಡುವುದು. ಫೋರ್ಟೆ ಕೊನೆಯ ಎರಡು ವರ್ಷ ನ್ಯೂಯಾರ್ಕ್ ಜೆಟ್ಸ್‌ಗೆ ಆಡಿದರು. ಅದು ಸೇರಿದರೆ ಅವರ ಮೊತ್ತ 9,796 ಆಗುತ್ತದೆ, ಬೇರ್ಸ್‌ಗೆ ಸಲ್ಲುವುದು 8,602 ಮಾತ್ರ. ಥಾಮಸ್ ಜೋನ್ಸ್ ವಿಷಯದಲ್ಲಿ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ: ವೃತ್ತಿಜೀವನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಯಾರ್ಡ್ ಇದ್ದರೂ 2004ರಿಂದ 2006ರವರೆಗಿನ ಮೂರು ಋತುಗಳಲ್ಲಿ ಬೇರ್ಸ್‌ಗಾಗಿ ಓಡಿದ್ದು 3,493.

ಒಟ್ಟು ಮೊತ್ತ ಬಿಡಿ, ಪಂದ್ಯದ ಲೆಕ್ಕ ಹಿಡಿಯಿರಿ

ಒಂದು ಋತುವಿನಲ್ಲಿ ಎಷ್ಟು ಪಂದ್ಯ ಎಂಬುದು ಕಾಲಕಾಲಕ್ಕೆ ಬದಲಾಗಿದೆ. 1947ರಿಂದ 1960ರವರೆಗೆ 12, 1961ರಿಂದ 1977ರವರೆಗೆ 14, 1978ರಿಂದ 2020ರವರೆಗೆ 16, 2021ರಿಂದ 17. ಆದ್ದರಿಂದ ‘ಸಾವಿರ ಯಾರ್ಡಿನ ಋತು’ ಎಂಬ ಮಾತಿಗೆ ಎಲ್ಲ ಕಾಲದಲ್ಲೂ ಒಂದೇ ಬೆಲೆಯಿಲ್ಲ. ಕಸಾರೆಸ್ 1956ರಲ್ಲಿ 12 ಪಂದ್ಯದಲ್ಲಿ 1,126 ಯಾರ್ಡ್ ಓಡಿ ಇಡೀ ಲೀಗ್‌ನಲ್ಲಿ ಮೊದಲಿಗರಾದರು. ಪಂದ್ಯಕ್ಕೆ 93.8 ಬಿತ್ತು. ಫೋರ್ಟೆ 2013ರಲ್ಲಿ 16 ಪಂದ್ಯದಲ್ಲಿ 1,339 ಓಡಿದರು, ಪಂದ್ಯಕ್ಕೆ 83.7. ಮೊತ್ತ ನೋಡಿದರೆ ಫೋರ್ಟೆ ಮುಂದೆ, ಪಂದ್ಯದ ಲೆಕ್ಕದಲ್ಲಿ ಕಸಾರೆಸ್ ಮುಂದೆ.

ಇಡೀ ಅವಧಿಗೂ ಇದೇ ಭಾಗಾಕಾರ ಮಾಡಿ. ಪೇಟನ್ 190 ಪಂದ್ಯ, ಪಂದ್ಯಕ್ಕೆ 88.0. ಸೇಯರ್ಸ್ 68 ಪಂದ್ಯ, 72.9. ಫೋರ್ಟೆ ಬೇರ್ಸ್‌ನಲ್ಲಿ 120 ಪಂದ್ಯ, 71.7. ಮೊತ್ತದಲ್ಲಿ ಫೋರ್ಟೆಗಿಂತ 3,600 ಯಾರ್ಡ್ ಹಿಂದಿದ್ದ ಸೇಯರ್ಸ್ ಈಗ ಒಂದು ಹೆಜ್ಜೆ ಮುಂದೆ ಬಂದರು.

ಹಾಗೆಂದು 12 ಪಂದ್ಯದ ಋತುವನ್ನು 17ಕ್ಕೆ ಗುಣಿಸಿ ‘ಇಂದು ಆಡಿದ್ದರೆ ಇಷ್ಟಾಗುತ್ತಿತ್ತು’ ಎಂದು ಬರೆಯಬೇಡಿ. ಹೆಚ್ಚುವರಿ ಐದು ಪಂದ್ಯದ ಏಟು ಮೈಮೇಲೆ ಬೀಳುತ್ತದೆ, ಡಿಸೆಂಬರ್ ಹೊತ್ತಿಗೆ ಕಾಲು ಸೋಲುತ್ತದೆ. ಭಾಗಿಸುವವರೆಗೆ ಅದು ದಾಖಲೆ, ಗುಣಿಸತೊಡಗಿದರೆ ಊಹೆ.

ಟಿಪ್ಪಣಿ ಕಾಲಂ ಇಲ್ಲಿ ಬೇಕಾಗುತ್ತದೆ. ಪೇಟನ್ ಅವರ 1982ರ ಸಾಲಿನಲ್ಲಿ 596 ಯಾರ್ಡ್ ಎಂದಿದೆ. 1976ರಿಂದ 1986ರವರೆಗೆ ಸಾವಿರ ದಾಟದ ಅವರ ಒಂದೇ ಋತು ಅದು. ಆ ವರ್ಷ ಆಟಗಾರರ ಮುಷ್ಕರದಿಂದ ತಂಡ ಆಡಿದ್ದೇ 9 ಪಂದ್ಯ. 1987ರಲ್ಲಿ 12 ಪಂದ್ಯ ಮಾತ್ರ ಆಡಿದ್ದಕ್ಕೂ ಮುಷ್ಕರವೇ ಕಾರಣ. ‘ತಂಡ ಆಡಿದ ಪಂದ್ಯ’ ಎಂಬ ಕಾಲಂ ಇರದಿದ್ದರೆ ಇದನ್ನು ಗಾಯ ಎಂದುಕೊಳ್ಳುತ್ತೀರಿ. ನಿಜವಾಗಿ 13 ವರ್ಷದಲ್ಲಿ ಅವರು ತಪ್ಪಿಸಿಕೊಂಡದ್ದು ಒಂದೇ ಪಂದ್ಯ, ಅದೂ ಮೊದಲ ವರ್ಷ. ಪ್ರತಿ ವಾರ ಎದುರಾಳಿಗಳಿಗೆ ಎದೆ ಕೊಡುವ ಈ ಜಾಗದಲ್ಲಿ ಅಷ್ಟು ಕಾಲ ನಿಂತದ್ದು ಅವರ ಯಾರ್ಡಿನಷ್ಟೇ ದೊಡ್ಡ ಸಾಧನೆ.

ಒಂದು ಕ್ಯಾರಿಯ ಸರಾಸರಿಯನ್ನು ಪೂರ್ತಿ ನಂಬಬೇಡಿ

ಸೇಯರ್ಸ್ ಸರಾಸರಿ 5.0, ಪೇಟನ್ 4.4. ಈ ಒಂದು ಅಂಕಿ ಹಿಡಿದು ವಾದ ಮಾಡುವವರು ಯಾವಾಗಲೂ ಇದ್ದಾರೆ. ಪೇಟನ್ 3,838 ಸಲ ಚೆಂಡು ಹೊತ್ತರು, ಸೇಯರ್ಸ್ 991 ಸಲ. ಎಪ್ಪತ್ತರ ದಶಕದ ಬೇರ್ಸ್‌ಗೆ ಹೇಳಿಕೊಳ್ಳುವಂಥ ಪಾಸಿಂಗ್ ಆಟ ಇರಲಿಲ್ಲ. ಚೆಂಡು ಯಾರ ಕೈಗೆ ಹೋಗುತ್ತದೆಂದು ಎದುರು ತಂಡಕ್ಕೂ ಗೊತ್ತು, ಗ್ಯಾಲರಿಗೂ ಗೊತ್ತು. ಹಾಗಿರುವಾಗ 4.4ನ್ನು 13 ವರ್ಷ ಉಳಿಸಿಕೊಂಡರು.

1977ರ ನವೆಂಬರ್ 20ರ ಪಂದ್ಯವನ್ನೇ ನೋಡಿ. ಎದುರಾಳಿ ಮಿನ್ನೆಸೋಟ ವೈಕಿಂಗ್ಸ್. ಪೇಟನ್‌ಗೆ ಫ್ಲೂ ಜ್ವರ. 40 ಕ್ಯಾರಿ, 275 ಯಾರ್ಡ್, ಆಗಿನ ಎನ್‌ಎಫ್‌ಎಲ್ ದಾಖಲೆ. ಬೇರ್ಸ್ ಗೆದ್ದದ್ದು ಮಾತ್ರ 10-7ರ ಅಂತರದಲ್ಲಿ. ಒಬ್ಬನೇ 275 ಯಾರ್ಡ್ ಓಡಿದರೂ ತಂಡಕ್ಕೆ ಬಂದದ್ದು ಹತ್ತು ಅಂಕ ಎಂದರೆ ಉಳಿದ ಆಕ್ರಮಣ ಹೇಗಿತ್ತೆಂದು ಊಹಿಸಬಹುದು. ನಾಲ್ಕನೇ ಕ್ವಾರ್ಟರ್‌ನಲ್ಲಿ, ಎರಡೂ ತಂಡ ಸುಸ್ತಾದ ಮೇಲೆ, ಅವರು 58 ಯಾರ್ಡಿನ ಒಂದು ಓಟ ಓಡಿದರು. ಆ ಋತುವಿನ ಮೊತ್ತ 14 ಪಂದ್ಯದಲ್ಲಿ 1,852, ಪಂದ್ಯಕ್ಕೆ 132.3. ತಂಡದ ಇತಿಹಾಸದಲ್ಲಿ ಇದರ ಹತ್ತಿರ ಬೇರೆ ಯಾವ ಋತುವೂ ಬರುವುದಿಲ್ಲ. ಆಗ ಎದುರಾಳಿಗಳನ್ನು ತಡೆದು ಅವರಿಗೆ ದಾರಿ ಬಿಡಿಸುತ್ತಿದ್ದ ಸಾಲಿನಲ್ಲಿ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಸೇರಿದವರು ಒಬ್ಬರೂ ಇಲ್ಲ. ಆ ಗೌರವ ಪಡೆದ ಜಿಂಬೊ ಕೋವರ್ಟ್ ಆ ಸಾಲಿಗೆ ಬಂದದ್ದು 1983ರಲ್ಲಿ.

ಇದಕ್ಕೆ ತದ್ವಿರುದ್ಧ ಉದಾಹರಣೆ 1934ರ ಬೀಟಿ ಫೆದರ್ಸ್. ಮೊದಲ ವರ್ಷದಲ್ಲೇ 1,004 ಯಾರ್ಡ್, ಎನ್‌ಎಫ್‌ಎಲ್‌ನಲ್ಲಿ ಸಾವಿರ ದಾಟಿದ ಮೊದಲಿಗ, ಕ್ಯಾರಿಗೆ 8 ಯಾರ್ಡಿಗೂ ಮೇಲೆ. ಇಂಥ ಅಂಕಿ ಕಂಡ ಕೂಡಲೇ ಎರಡು ಕೆಲಸ ಮಾಡಿ: ಅವರ ಮುಂದಿನ ವರ್ಷಗಳನ್ನು ನೋಡಿ, ಅವರ ಮುಂದೆ ಯಾರು ಓಡುತ್ತಿದ್ದರೆಂದು ನೋಡಿ. ಫೆದರ್ಸ್ ಮತ್ತೆಂದೂ ಆ ಮಟ್ಟದ ಹತ್ತಿರ ಬರಲಿಲ್ಲ. ಆ ವರ್ಷ ಅವರಿಗೆ ದಾರಿ ಮಾಡಿಕೊಟ್ಟವರು ನಗುರ್ಸ್ಕಿ. ಆ 1,004ರಲ್ಲಿ ನಗುರ್ಸ್ಕಿಗೂ ಪಾಲು ಸಲ್ಲಬೇಕು. ಅಂಕಿಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲದ್ದರಿಂದ ಟಿಪ್ಪಣಿಯಲ್ಲೇ ಬರೆದುಕೊಳ್ಳಿ.

ಹಳೆಯ ಕಾಲಕ್ಕೆ ಬೇರೆ ಅಳತೆ

ಎನ್‌ಎಫ್‌ಎಲ್ ಅಧಿಕೃತವಾಗಿ ಅಂಕಿ ಇಡಲು ಶುರುಮಾಡಿದ್ದು 1932ರಲ್ಲಿ. ನಗುರ್ಸ್ಕಿ ಬಂದದ್ದು 1930ರಲ್ಲಿ, ಹಾಗಾಗಿ ಮೊದಲ ಎರಡು ವರ್ಷ ಅವರ 2,778ರಲ್ಲಿ ಇಲ್ಲವೇ ಇಲ್ಲ. ಆಗಿನವರು ದಾಳಿಯಲ್ಲೂ ರಕ್ಷಣೆಯಲ್ಲೂ ಇಡೀ ಪಂದ್ಯ ಆಡುತ್ತಿದ್ದರು. ಐವತ್ತರ ದಶಕದ ಟೆಸ್ಟ್ ಬ್ಯಾಟಿಂಗ್ ಸರಾಸರಿಯನ್ನೂ ಇಂದಿನ ಟಿ20 ಸ್ಟ್ರೈಕ್ ರೇಟನ್ನೂ ನಾವು ಒಂದೇ ತಕ್ಕಡಿಗೆ ಹಾಕುವುದಿಲ್ಲ, ಇದೂ ಹಾಗೇ. ಇಂಥವರನ್ನು ಅವರ ಕಾಲದ ಉಳಿದವರ ಜೊತೆ ಹೋಲಿಸಿ, ಆಟದ ಮೇಲೆ ಅವರು ಬಿಟ್ಟ ಗುರುತು ಏನೆಂದು ಕೇಳಿ.

ನಗುರ್ಸ್ಕಿ ವಿಷಯದಲ್ಲಿ ಗುರುತು ನಿಯಮಪುಸ್ತಕದಲ್ಲೇ ಇದೆ. 1932ರ ನಿರ್ಣಾಯಕ ಪಂದ್ಯ ಹಿಮದ ಕಾರಣ ಶಿಕಾಗೊ ಸ್ಟೇಡಿಯಂನ ಒಳಾಂಗಣದಲ್ಲಿ, ಚಿಕ್ಕ ಮೈದಾನದಲ್ಲಿ ನಡೆಯಿತು. ನಗುರ್ಸ್ಕಿ ಎಂದಿನಂತೆ ನುಗ್ಗುವವರ ಹಾಗೆ ಮುಂದೆ ಬಂದು, ಹಿಂದಕ್ಕೆ ಸರಿದು, ಸಹ ಆಟಗಾರ ರೆಡ್ ಗ್ರೇಂಜ್‌ಗೆ ಟಚ್‌ಡೌನ್ ಪಾಸ್ ಎಸೆದರು. ಆಗಿನ ನಿಯಮದಂತೆ ಪಾಸ್ ಎಸೆಯಲು ಆಟ ಶುರುವಾಗುವ ಗೆರೆಗಿಂತ ಐದು ಯಾರ್ಡ್ ಹಿಂದಿರಬೇಕಿತ್ತು, ಇವರು ಇರಲಿಲ್ಲ ಎಂದು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಆಕ್ಷೇಪಿಸಿತು. ಅಂಕ ನಿಂತಿತು, ಬೇರ್ಸ್ 9-0ಯಿಂದ ಗೆದ್ದಿತು. ಮರುವರ್ಷ ಗೆರೆಯ ಹಿಂದೆ ಎಲ್ಲಿಂದ ಬೇಕಾದರೂ ಪಾಸ್ ಎಸೆಯಬಹುದೆಂದು ನಿಯಮವೇ ಬದಲಾಯಿತು.

1978 ಇನ್ನೊಂದು ಗಡಿ. ಆ ವರ್ಷದ ನಿಯಮ ಬದಲಾವಣೆಗಳಿಂದ ಪಾಸಿಂಗ್ ಸಲೀಸಾಯಿತು, ಕಾಲಕ್ರಮೇಣ ರನ್ನಿಂಗ್ ಬ್ಯಾಕ್‌ಗಳ ಕೈಗೆ ಪಾಸ್ ಬರುವುದೂ ಹೆಚ್ಚಿತು. ಫೋರ್ಟೆ 2014ರಲ್ಲಿ 102 ಕ್ಯಾಚ್ ಹಿಡಿದದ್ದು ರನ್ನಿಂಗ್ ಬ್ಯಾಕ್‌ಗಳ ಪೈಕಿ ಆಗಿನ ಲೀಗ್ ದಾಖಲೆ. ಎಂಟು ವರ್ಷದಲ್ಲಿ ಬೇರ್ಸ್‌ಗೆ 487 ಕ್ಯಾಚ್. ಪೇಟನ್ 13 ವರ್ಷದಲ್ಲಿ 492. ಫೋರ್ಟೆ ಅಂಕಿಗೆ ಕಾಲದ ನೆರವು ಇದೆ ಎಂದು ಟಿಪ್ಪಣಿ ಹಾಕಿ, ಆದರೆ ಅದನ್ನು ಕಳೆಯಬೇಡಿ. ತಂಡ ಅವರಿಂದ ಕೇಳಿದ ಕೆಲಸ ಅದು, ಅವರು ಮಾಡಿ ತೋರಿಸಿದರು.

ವಿಡಿಯೊ ನೋಡುವ ಕ್ರಮ

ಹೈಲೈಟ್ ತುಣುಕುಗಳಲ್ಲಿ ಎಲ್ಲರೂ ಶ್ರೇಷ್ಠರೇ. ಸಾಧ್ಯವಾದರೆ ಪೂರ್ತಿ ಪಂದ್ಯ ಹುಡುಕಿ, ಅದರಲ್ಲಿ ಸತತ ಹತ್ತು ಹದಿನೈದು ಕ್ಯಾರಿ ನೋಡಿ. ಚೆಂಡು ಕೈಗೆ ಬಂದ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ ಗೆರೆಯ ಹತ್ತಿರ ಎದುರಾಳಿಗಳು ಎಷ್ಟು ಜನ ಎಂದು ಎಣಿಸಿ. ಎಂಟು ಜನ ಇದ್ದರೆ ಓಟಕ್ಕೇ ಕಾದು ನಿಂತಿದ್ದಾರೆ. ಆಮೇಲೆ ಮೊದಲ ಸಲ ಯಾರಾದರೂ ಮುಟ್ಟಿದ ಜಾಗ ಗುರುತಿಸಿ, ಬಿದ್ದ ಜಾಗದವರೆಗೆ ಅಳೆಯಿರಿ. ಹಳೆಯ ಕಾಲಕ್ಕೆ ಈ ಅಂಕಿಯನ್ನು ಯಾರೂ ಬರೆದಿಟ್ಟಿಲ್ಲ, ನೀವೇ ತೆಗೆಯಬೇಕು. ಪೇಟನ್ ಅವರದು ಇಲ್ಲಿ ಎದ್ದು ಕಾಣುತ್ತದೆ: ಬದಿಗೆರೆ ಹತ್ತಿರ ಬಂದಾಗ ಹೊರಗೆ ಹೆಜ್ಜೆ ಇಟ್ಟು ಏಟು ತಪ್ಪಿಸಿಕೊಳ್ಳುವ ಬದಲು ಒಳಕ್ಕೆ ತಿರುಗಿ, ಚಾಚಿದ ಕೈಯಿಂದ ಎದುರಾಳಿಯನ್ನು ತಳ್ಳಿ ಇನ್ನೆರಡು ಯಾರ್ಡ್ ಕಸಿಯುತ್ತಾರೆ. ಚೆಂಡು ಕೈಯಲ್ಲಿಲ್ಲದ ಆಟಗಳನ್ನೂ ಬಿಡಬೇಡಿ. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನನ್ನು ತಡೆಯುವುದು ಈ ಕೆಲಸದ ಅರ್ಧ ಭಾಗ.

ಸೇಯರ್ಸ್ ನೋಡುವಾಗ ಕಾಲನ್ನು ಗಮನಿಸಿ. ವೇಗ ಇಳಿಸದೆ ಪಕ್ಕಕ್ಕೆ ಕತ್ತರಿಸುವುದು ಅವರ ವಿದ್ಯೆ. 1965ರ ಡಿಸೆಂಬರ್ 12ರಂದು ರಿಗ್ಲಿ ಫೀಲ್ಡ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಎದುರು, ಕೆಸರಿನಲ್ಲಿ ಆರು ಟಚ್‌ಡೌನ್ ಹೊಡೆದರು: ಓಡಿ ನಾಲ್ಕು, 80 ಯಾರ್ಡಿನ ಪಾಸ್ ಒಂದು, 85 ಯಾರ್ಡಿನ ಪಂಟ್ ರಿಟರ್ನ್ (ಎದುರಾಳಿ ಒದ್ದ ಚೆಂಡು ಹಿಡಿದು ಮರಳಿ ಓಡುವುದು) ಒಂದು. ಉಳಿದವರೆಲ್ಲ ಜಾರುತ್ತಿದ್ದ ನೆಲದಲ್ಲಿ ಅವರು ತಿರುಗಿದ ಪರಿ ನೋಡಬೇಕು. ಅಂದು ಅವರ ಕ್ಯಾರಿ ಕೇವಲ ಒಂಬತ್ತು. ಬರೀ ರನ್ನಿಂಗ್ ಯಾರ್ಡ್ ಎಣಿಸುವವರಿಗೆ ಅದು 113 ಯಾರ್ಡಿನ ಪಂದ್ಯ. ಎಲ್ಲ ಸೇರಿಸಿದರೆ 336. ಕಿಕ್‌ಆಫ್ ರಿಟರ್ನ್‌ನಲ್ಲಿ ಅವರ 30.56ರ ಸರಾಸರಿ ಇಂದಿಗೂ ಲೀಗ್‌ನಲ್ಲಿ ಹೆಸರಾದದ್ದು. ಅದಕ್ಕೇ ಸೇಯರ್ಸ್‌ಗೆ ರಿಟರ್ನ್ ಯಾರ್ಡಿನ ಕಾಲಂ ಕಡ್ಡಾಯ.

ಗಾಯದ ಆಚೆ ಈಚೆಗೆ ಬೇರೆ ಬೇರೆ ಗೆರೆ ಎಳೆಯಿರಿ. 1968ರಲ್ಲಿ ಬಲ ಮಂಡಿ ಹೋಗುವ ಮೊದಲು 9 ಪಂದ್ಯದಲ್ಲಿ 856 ಯಾರ್ಡ್, ಕ್ಯಾರಿಗೆ 6.2. ಮರುವರ್ಷ 1,032 ಓಡಿ ಲೀಗ್‌ನಲ್ಲಿ ಮೊದಲಿಗರಾದರು, ಆದರೆ ಕ್ಯಾರಿಗೆ 4.4; ತಂಡ ಆ ವರ್ಷ ಒಂದೇ ಪಂದ್ಯ ಗೆದ್ದು 13 ಸೋತಿತು. 1970ರಲ್ಲಿ ಎಡ ಮಂಡಿಯೂ ಹೋಯಿತು. ಇಷ್ಟಾದರೂ 34ನೇ ವಯಸ್ಸಿಗೆ ಹಾಲ್ ಆಫ್ ಫೇಮ್ ಸೇರಿದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಬೇರೆ ಯಾರೂ ಅಲ್ಲಿಗೆ ಸೇರಿಲ್ಲ.

ಹೊಗಳಿಕೆಗೆ ಅಡ್ಡ ಬರುವ ಅಂಕಿಗಳನ್ನೂ ಬರೆಯಿರಿ. ಪೇಟನ್ 86 ಸಲ ಚೆಂಡು ಕೈಬಿಟ್ಟಿದ್ದಾರೆ. ಕ್ಯಾರಿ, ಕ್ಯಾಚ್ ಸೇರಿ 4,330 ಆದ್ದರಿಂದ ಸರಾಸರಿ 50ಕ್ಕೊಂದು. ಮೊತ್ತ ದೊಡ್ಡದು, ದರ ಗಾಬರಿಪಡುವಂಥದ್ದಲ್ಲ.

ಸಾಲು ಹಿಡಿಸುವುದು

ಅತ್ಯುತ್ತಮ ಮೂರು ಋತುಗಳನ್ನು ಒಂದು ಕಡೆ, ಇಡೀ ಅವಧಿಯನ್ನು ಇನ್ನೊಂದು ಕಡೆ ಇಟ್ಟು ಎರಡು ಪಟ್ಟಿ ಮಾಡಿ, ಆಮೇಲೆ ಬೆಸೆಯಿರಿ. ಎರಡರಲ್ಲೂ ಮೊದಲ ಸ್ಥಾನ ಪೇಟನ್‌ದೇ, ಚರ್ಚೆಗೆ ಜಾಗವಿಲ್ಲ. ಎರಡನೆಯದು ಸೇಯರ್ಸ್‌ಗೆ: 68 ಪಂದ್ಯ ಕಡಿಮೆಯೇ, ಆದರೆ ಆ 68ರಲ್ಲಿ ಅವರಷ್ಟು ಅಪಾಯಕಾರಿ ಇನ್ನೊಬ್ಬರಿರಲಿಲ್ಲ. ಮೂರನೆಯದು ನಗುರ್ಸ್ಕಿ, ನಾಲ್ಕನೆಯದು ಫೋರ್ಟೆ. ರೆಡ್ ಗ್ರೇಂಜ್‌ರನ್ನು ಈ ಪಟ್ಟಿಗೆ ಎಳೆಯಬೇಡಿ. 1925ರಲ್ಲಿ ಅವರು ಬೇರ್ಸ್ ಸೇರಿದ್ದು ವೃತ್ತಿಪರ ಫುಟ್‌ಬಾಲಿಗೇ ಜನ ತಂದಿತು, ಆದರೆ 1927ರಲ್ಲಿ ಮಂಡಿ ಕೆಟ್ಟ ಮೇಲೆ ಅವರ ಓಟ ಮೊದಲಿನಂತೆ ಉಳಿಯಲಿಲ್ಲ.

ಜಗಳ ಇರುವುದು ಐದನೇ ಜಾಗಕ್ಕೆ. ಆ್ಯಂಡರ್ಸನ್‌ಗೆ ಯಾರ್ಡ್ ಹೆಚ್ಚು, ಓಟದ 51 ಟಚ್‌ಡೌನ್ ಜೊತೆಗೆ ಕ್ಯಾಚಿನ 20, 1988ರಿಂದ ಸತತ ಮೂರು ಋತುಗಳಲ್ಲಿ ತಲಾ ಸಾವಿರ ದಾಟಿದ ಯಾರ್ಡ್. ಮೊದಲ ಎರಡು ವರ್ಷ ಪೇಟನ್ ನೆರಳಿನಲ್ಲಿ ಕಳೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಕಸಾರೆಸ್ ತಮ್ಮ ಕಾಲದಲ್ಲಿ ಒಮ್ಮೆ ಇಡೀ ಲೀಗ್‌ಗೆ ಮೊದಲಿಗರಾಗಿದ್ದರು, 1955ರಿಂದ 1959ರವರೆಗೆ ಸತತ ಐದು ಸಲ ಲೀಗ್‌ನ ತಾರಾ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದರು, ಪೇಟನ್ ದಾಟುವವರೆಗೆ ತಂಡದ ಅತಿ ಹೆಚ್ಚು ಯಾರ್ಡ್ ಅವರ ಹೆಸರಿನಲ್ಲೇ ಇತ್ತು. ಆ್ಯಂಡರ್ಸನ್ ಲೀಗ್‌ನ ಮೊದಲ ಸ್ಥಾನ ಎಂದೂ ಮುಟ್ಟಲಿಲ್ಲ. ಐದನೆಯದು ಕಸಾರೆಸ್‌ಗೆ.