ಹರಗೋಲು ತಿರುಗುವುದು ನಿಂತ ಮೇಲೆ

ಭೈರವಾನಿ ತಿಪ್ಪ ಜಲಾಶಯದಲ್ಲಿ ಗಾಳಕ್ಕೆ ದೊಡ್ಡ ಮೀನು ಬೀಳುವುದಿಲ್ಲ ಎಂದು ರಾಯದುರ್ಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಬೀಳುತ್ತದೆ. ಆದರೆ ಕಟ್ಟೆಯ ಮೇಲೆ ನಿಂತು ಎಸೆದರೆ ಸಿಗುವುದು ಅಂಗೈಯಗಲದ ಜಿಲೇಬಿ ಮೀನು (ತಿಲಾಪಿಯಾ), ಅದೃಷ್ಟವಿದ್ದರೆ ಒಂದು ಗೆಂಡೆ. ಅದಕ್ಕೆ ಬೇಸತ್ತೇ ನಾನು ಹರಗೋಲು (ದುಂಡನೆಯ ಬಿದಿರು ದೋಣಿ, ಪುಟ್ಟಿ ಎಂದೂ ಕರೆಯುತ್ತಾರೆ) ಹತ್ತಿದ್ದು. ನೀರಿನ ನಡುವಿನ ಜಾಗ ಬಲೆಯವರದು, ಕಡ್ಡಿ ಹಿಡಿದವನಿಗೆ ಅಲ್ಲಿ ಏನು ಕೆಲಸ ಎಂದು ನಕ್ಕವರೇ ಹೆಚ್ಚು. ನನಗೆ ಹುಟ್ಟು ಹಾಕಲು ಕಲಿಸಿದ ಬೆಸ್ತರ ತಾತ ಕೂಡ, "ಪುಟ್ಟಿಯಲ್ಲಿ ಕುಳಿತು ಗಾಳ ಹಾಕುವವನು ಮೀನು ಹಿಡಿಯುವುದಿಲ್ಲಪ್ಪ, ಗಿರಕಿ ಹೊಡೆಯುತ್ತಾನೆ" ಎಂದಿದ್ದರು. ಹೋದ ಚಳಿಗಾಲದಲ್ಲಿ ಅದೇ ತಾತ ತಮ್ಮ ಮೊಮ್ಮಗನನ್ನು ನನ್ನ ಜೊತೆ ಕಳುಹಿಸಿದರು, ಹರಗೋಲನ್ನು ತಿರುಗದಂತೆ ಹೇಗೆ ಕಟ್ಟುತ್ತಾನೆ ನೋಡಿಕೊಂಡು ಬಾ ಎಂದು. ಅಂದಮೇಲೆ ಬರೆಯಬಹುದು ಎನಿಸಿತು.

ನಮ್ಮ ಜಲಾಶಯ ಗೊತ್ತಿಲ್ಲದವರಿಗೆ ಎರಡು ಮಾತು. ವೇದಾವತಿ ಎಂದೂ ಕರೆಯುವ ಹಗರಿ ನದಿಗೆ ಅಡ್ಡಲಾಗಿ ಆಂಧ್ರದ ಗುಮ್ಮಗಟ್ಟ ಮಂಡಲದಲ್ಲಿ ಅರವತ್ತರ ದಶಕದ ಆರಂಭದಲ್ಲಿ ಎದ್ದ ಕಟ್ಟೆ ಇದು. ಕರ್ನಾಟಕದ ಗಡಿ ಕೂಗಳತೆಯಲ್ಲಿದೆ. ಅನಂತಪುರ ಜಿಲ್ಲೆಯ ಮಳೆಯನ್ನು ನಂಬಿಕೊಂಡರೆ ಈ ಜಲಾಶಯ ತುಂಬುವ ಮಾತೇ ಇಲ್ಲ. ಮೇಲೆ ಚಿತ್ರದುರ್ಗದ ಕಡೆ ವೇದಾವತಿ ಉಕ್ಕಿದರೆ ನಮಗೆ ನೀರು. ಅದೇ ನದಿಗೆ ಮೇಲೆ ಕಟ್ಟಿದ ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರ ನಂತರ ಮೊದಲ ಬಾರಿ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಆ ವರ್ಷದ ನೀರಿನಲ್ಲೇ ನನ್ನ ಪ್ರಯೋಗಗಳೂ ಶುರುವಾದವು. ಅದಕ್ಕೂ ಮುಂಚೆ ಇದು ವರ್ಷಗಟ್ಟಲೆ ಒಣಗಿದ್ದದ್ದನ್ನು ನೋಡಿದ್ದೇನೆ. ಒಣಗಿದ ಜಲಾಶಯವೇ ನನ್ನ ಬಂಡವಾಳ ಎಂಬುದು ಆಗ ಗೊತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹರಗೋಲನ್ನು ಹಳೆಯದೇ ಕೊಂಡೆ, ನಾಲ್ಕೂವರೆ ಸಾವಿರ. ಆರೂವರೆ ಅಡಿ ಅಗಲ, ಬಿದಿರಿನ ಹೆಣಿಗೆ ಗಟ್ಟಿಯಾಗಿತ್ತು, ಮೇಲಿನ ಹೊದಿಕೆ ಮಾತ್ರ ಜರಡಿಯಾಗಿತ್ತು. ಹೊಸ ಪ್ಲಾಸ್ಟಿಕ್ ತಾಡಪಾಲು, ಡಾಂಬರು, ಸೌದೆ ಎಲ್ಲ ಸೇರಿ ಇನ್ನೊಂದು ಸಾವಿರದ ಇನ್ನೂರು ಹೋಯಿತು. ಫೈಬರಿನದು ತೆಗೆದುಕೋ ಎಂದರು; ಅದರ ಬೆಲೆ ಕೇಳಿ ಸುಮ್ಮನಾದೆ. ಈಗ ಅನಿಸುತ್ತದೆ, ಗಾಳಕ್ಕೆ ಬಿದಿರಿನದೇ ಒಳ್ಳೆಯದು. ಕಾಲು ತಗುಲಿದರೆ ಫೈಬರು ಡೋಲಿನಂತೆ ಸದ್ದು ಮಾಡುತ್ತದೆ, ಕೆಳಗಿರುವ ಮೀನು ಅಷ್ಟಕ್ಕೇ ಜಾಗ ಬಿಡುತ್ತದೆ. ಬಲೆ ಹಾಕುವುದಿಲ್ಲ ಎಂಬ ಕರಾರಿನ ಮೇಲೆ ಮೀನುಗಾರರ ಸಂಘಕ್ಕೆ ಒಂದು ಹಂಗಾಮಿಗೆ ಸಾವಿರ ರೂಪಾಯಿ ಕಟ್ಟಿದೆ. ರಾಡು, ರೀಲು ಎರಡು ಸಾವಿರದ ಒಳಗೆ. ಮೊದಲು ಕೊಂಡ ಅಗ್ಗದ ರೀಲಿನ ಹಲ್ಲು ಮೊದಲ ದೊಡ್ಡ ರೋಹುವಿಗೇ ಉದುರಿತು. ಅಂಗಡಿಯವನು ಅದು ಕೆರೆ ಮೀನಿಗೆ ಮಾಡಿದ್ದಲ್ಲ ಎಂದ. ಮತ್ತೆ ಯಾವ ಮೀನಿಗೆ ಎಂದು ನಾನು ಕೇಳಲಿಲ್ಲ.

ಹರಗೋಲಿನ ಕಷ್ಟ ಮುಳುಗುವುದಲ್ಲ, ತಿರುಗುವುದು. ತಳ ಚಪ್ಪಟೆ, ಆಕಾರ ದುಂಡಗೆ. ಗಾಳಿ ಎಲ್ಲಿ ತಾಕಿದರೂ ಸುತ್ತುತ್ತದೆ. ಬಲೆಯವರಿಗೆ ಇದು ಅನುಕೂಲ, ಕುಳಿತಲ್ಲೇ ಎಲ್ಲ ದಿಕ್ಕಿಗೂ ಬಲೆ ಬಿಡಬಹುದು. ಗಾಳದವನಿಗೆ ಬೆಂಡು ಒಂದು ಕಡೆ, ತಾನು ಒಂದು ಕಡೆ, ದಾರ ಹರಗೋಲಿನ ಅಡಿಯಲ್ಲಿ. ಮೊದಲು ಎಲ್ಲರಂತೆ ಹಗ್ಗಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಟ್ಟೆ. ಹರಗೋಲು ತೇಲಿ ಹೋಗುವುದು ನಿಂತಿತು, ಸುತ್ತುವುದು ನಿಲ್ಲಲಿಲ್ಲ. ಹಗ್ಗವೇ ಹುರಿಯಾಗಿ ಗಂಟು ಬಿತ್ತು. ಮುಳುಗಿದ ಜಾಲಿ ಮರದ ತುದಿಗೆ ಕಟ್ಟಿದೆ. ನಿಂತದ್ದೇನೋ ಹೌದು, ಹಾಕಿದ ಗಾಳವೆಲ್ಲ ಮುಳ್ಳಿಗೆ ಸಿಕ್ಕಿ ಒಂದೇ ಬೆಳಗಿನಲ್ಲಿ ಡಬ್ಬಿ ಖಾಲಿ. ಹುಟ್ಟು ಹಾಕಲು ಒಬ್ಬ ಹುಡುಗನನ್ನು ಇನ್ನೂರೈವತ್ತು ರೂಪಾಯಿ ಕೂಲಿಗೆ ಕರೆದೊಯ್ದೆ. ಅವನು ಮೊಬೈಲ್ ನೋಡುತ್ತ ಕುಳಿತ, ಹರಗೋಲು ತನ್ನ ಪಾಡಿಗೆ ತಿರುಗಿತು. ಆ ಹಂಗಾಮು ಮುಗಿಯುವ ಹೊತ್ತಿಗೆ ಹನ್ನೊಂದು ಸಾವಿರದ ಆಸುಪಾಸು ಕೈಬಿಟ್ಟಿತ್ತು, ಮನೆಗೆ ತಂದ ಮೀನು ಒಂದು ತಿಂಗಳ ಸಾರಿಗೂ ಸಾಲುತ್ತಿರಲಿಲ್ಲ. ಮನೆಯವಳು ಲೆಕ್ಕ ಕೇಳಲಿಲ್ಲ, ಪೇಟೆಯ ಮೀನಿನ ಬೆಲೆ ಎಷ್ಟು ಎಂದಷ್ಟೇ ಕೇಳಿದಳು.

ಎರಡು ಲಂಗರು ಹಾಕಿದರೆ ದೋಣಿ ಸುತ್ತುವುದಿಲ್ಲ ಎಂಬುದು ಹೊಸ ವಿದ್ಯೆಯಲ್ಲ, ಉದ್ದ ದೋಣಿಯವರೆಲ್ಲ ಮಾಡುತ್ತಾರೆ. ಹರಗೋಲಿಗೆ ಅದು ನಡೆಯುವುದಿಲ್ಲ ಎಂದು ನಮ್ಮವರು ಹೇಳುತ್ತಿದ್ದುದಕ್ಕೆ ಕಾರಣ ಕಲ್ಲು. ಅಂಚಿನ ಬಿದಿರಿಗೆ ಎರಡು ಭಾರದ ಕಲ್ಲು ಕಟ್ಟಿಕೊಂಡು ಹೋಗುವಾಗ ಒಂದು ಜಾರಿ ಬಿದ್ದರೂ ತಳ ಹರಿಯುತ್ತದೆ. ಮೇಲಾಗಿ ನಮ್ಮ ಜಲಾಶಯದ ತಳ ಹೂಳು. ದುಂಡು ಕಲ್ಲು ಅದರ ಮೇಲೆ ಜಾರುತ್ತದೆ, ಕಚ್ಚುವುದಿಲ್ಲ. ಇಲ್ಲಿ ನನ್ನ ಹೊಟ್ಟೆಪಾಡು ಸಹಾಯಕ್ಕೆ ಬಂತು. ರಾಯದುರ್ಗದ ಅರ್ಧ ಊರಿನ ಹಾಗೆ ನಾನೂ ಜೀನ್ಸ್ ಹೊಲಿಯುವವನು. ಘಟಕದಲ್ಲಿ ರಿಜೆಕ್ಟ್ ಆದ ಪ್ಯಾಂಟುಗಳ ರಾಶಿ ಬಿದ್ದಿರುತ್ತದೆ. ಎರಡು ಕಾಲುಗಳನ್ನು ತೊಡೆಯ ಹತ್ತಿರ ಕತ್ತರಿಸಿ, ಕೆಳಬಾಯಿಯನ್ನು ಜೋಡಿ ಹೊಲಿಗೆಯಿಂದ ಮುಚ್ಚಿ, ಮೂಲೆಗಳಿಗೆ ಬಾರ್‌ಟ್ಯಾಕ್ (ಒತ್ತೊತ್ತಾದ ಗಟ್ಟಿ ಹೊಲಿಗೆ) ಹೊಡೆದು, ಹಗರಿಯ ಮರಳು ತುಂಬಿದೆ. ಮರಳಿಗೆ ನಮ್ಮಲ್ಲಿ ಬರವೇ? ಬೊಮ್ಮನಹಾಳದ ಕಡೆ ದರ್ಗಾ ಹೊನ್ನೂರಿನಲ್ಲಿ ಅದು ದಿಬ್ಬವಾಗಿ ಹೊಲಗಳ ಮೇಲೇ ನಡೆದು ಬರುತ್ತದೆ. ಒಂದೊಂದು ಕಾಲಿಗೆ ಎಂಟರಿಂದ ಹತ್ತು ಕಿಲೋ. ಜೀನ್ಸಿನ ಡೆನಿಮ್ ಬಟ್ಟೆ ನೀರನ್ನು ಬಿಡುತ್ತದೆ, ಮರಳನ್ನು ಬಿಡುವುದಿಲ್ಲ. ಹೂಳಿನ ಮೇಲೆ ಉದ್ದಕ್ಕೆ ಮಲಗುವುದರಿಂದ ಜಾರುವುದಿಲ್ಲ, ಹರಗೋಲಿನೊಳಗೆ ಇಟ್ಟರೆ ತಳಕ್ಕೆ ಪೆಟ್ಟಿಲ್ಲ, ನೀರಿಗೆ ಇಳಿಸಿದರೆ ಸದ್ದಿಲ್ಲ. ಎಳೆದರೆ ಹಿಗ್ಗುವ ಬಟ್ಟೆಯ ಪ್ಯಾಂಟು ಮಾತ್ರ ಬೇಡ. ಭಾರಕ್ಕೆ ನೇಯ್ಗೆ ಸಡಿಲಗೊಂಡು ಸಣ್ಣ ಮರಳು ಸೋರುತ್ತದೆ. ಹಳೆಯ ಕಾಲದ ದಪ್ಪ ಬಟ್ಟೆಯೇ ಆಗಬೇಕು.

ಕಟ್ಟುವ ಕ್ರಮ ಹೀಗೆ. ಗಾಳಿ ಬರುವ ದಿಕ್ಕಿಗೆ ಮೊದಲ ಕಾಲನ್ನು ಇಳಿಸಿ, ಹಗ್ಗ ಬಿಡುತ್ತ ಗಾಳಿಯೊಂದಿಗೆ ಹಿಂದೆ ಸರಿಯಬೇಕು. ಬೇಕಾದ್ದಕ್ಕಿಂತ ಒಂದಿಷ್ಟು ಮುಂದೆಯೇ ಸರಿದು ಎರಡನೆಯದನ್ನು ಇಳಿಸಬೇಕು, ಆಮೇಲೆ ಮೊದಲಿನ ಹಗ್ಗ ಎಳೆದುಕೊಂಡು ನಡುವೆ ನಿಲ್ಲಬೇಕು. ಹಗ್ಗ ಆಳದ ಮೂರು ಪಟ್ಟಾದರೂ ಇರಲಿ. ಹದಿನೈದು ಅಡಿ ನೀರಿಗೆ ನಲವತ್ತೈದು. ನೇರ ಕೆಳಗೆ ಬಿಟ್ಟ ಹಗ್ಗ ಲಂಗರನ್ನು ಎತ್ತುತ್ತದೆ, ಓರೆಯಾಗಿ ಬಿಟ್ಟದ್ದು ಎಳೆದು ಹಿಡಿಯುತ್ತದೆ. ಎರಡೂ ಹಗ್ಗಗಳು ಎದುರುಬದುರು ಅಂಚಿನಲ್ಲಿ ಬಿಗಿಯಾಗಿದ್ದರೆ ಹರಗೋಲು ಕಟ್ಟೆಯ ಹಾಗೆ ನಿಲ್ಲುತ್ತದೆ. ಮೊದಲ ಬಾರಿ ಬೆಂಡು ನಾನಿಟ್ಟ ಕಡೆಯೇ ಗಂಟೆಗಟ್ಟಲೆ ನಿಂತಾಗ ಆದ ಸಂತೋಷ ಮೀನು ಬಿದ್ದಾಗಲೂ ಆಗಲಿಲ್ಲ.

ಇನ್ನು ಜಾಗ. ನೀರಿಲ್ಲದ ವರ್ಷಗಳಲ್ಲಿ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆಯುತ್ತದೆ, ಅಂಚಿನಲ್ಲಿ ಜನ ಬಿತ್ತನೆಯನ್ನೂ ಮಾಡುತ್ತಾರೆ. ನೀರು ಬಂದಾಗ ಅದೆಲ್ಲ ಹಾಗೇ ಮುಳುಗುತ್ತದೆ. ಮೀನು ಜಾಲಿಯ ನೆರಳಿನಲ್ಲಿರುತ್ತದೆ, ಗಾಳವನ್ನು ಅಲ್ಲಿಗೆ ಹಾಕಿದರೆ ಗಾಳ ಹೋಗುತ್ತದೆ. ಬೇಕಾದದ್ದು ಜಾಲಿಯ ಪಕ್ಕದ ಬಯಲು. ಅಂಗಳ ಒಣಗಿದ್ದಾಗ ಅದರ ಮೇಲೆ ಗಾಡಿ, ಟ್ರ್ಯಾಕ್ಟರ್ ಓಡಾಡಿದ ದಾರಿಗಳಿದ್ದವು. ಎರಡೂ ಕಡೆ ಜಾಲಿ, ನಡುವೆ ಬರಿ ನೆಲ. ನಾನು ಅಲ್ಲಿ ಸೈಕಲ್ ತುಳಿದವನು. ದಡದ ಗುಡ್ಡ, ಗಾಳಿಯಂತ್ರದ ಕಂಬ, ದೇವಸ್ಥಾನದ ಮರ ಇವುಗಳಲ್ಲಿ ಎರಡೆರಡನ್ನು ಒಂದೇ ಗೆರೆಗೆ ತಂದು ಆ ದಾರಿಯನ್ನು ನೀರಿನ ಮೇಲೆ ಹುಡುಕಿದೆ. ಗೇಣಿಗೊಂದು ಗಂಟು ಹಾಕಿದ ದಾರಕ್ಕೆ ಸೀಸ ಕಟ್ಟಿ ತಳ ಮುಟ್ಟಿಸಿ ನೋಡುತ್ತಿದ್ದೆ. ಯಾವ ಮರ, ಯಾವ ಕಂಬ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಮುಂದಿನ ಸಲ ಜಲಾಶಯ ಒಣಗಿದಾಗ ನೀವೇ ನಡೆದು ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ಹಿಂದಿನ ಸಂಜೆಯೇ ಮೇವು ಹಾಕಬೇಕು. ಶೇಂಗಾ ಹಿಂಡಿ ನಮ್ಮ ಜಿಲ್ಲೆಯಲ್ಲಿ ಯಾವ ಎಣ್ಣೆ ಗಿರಣಿಯಲ್ಲೂ ಸಿಗುತ್ತದೆ. ಎರಡು ಕಿಲೋ ಹಿಂಡಿ ನೆನೆಸಿ, ಅಷ್ಟೇ ತೌಡು, ಒಂದು ಮುಷ್ಟಿ ಬೆಲ್ಲ ಸೇರಿಸಿ ಒಂದು ರಾತ್ರಿ ಹುಳಿ ಬರಿಸುತ್ತೇನೆ. ಗ್ರಂಥಿಗೆ ಅಂಗಡಿಯಿಂದ ತಂದ ಇನ್ನೊಂದು ವಸ್ತು ಬೀಳುತ್ತದೆ, ಅದು ನನಗೇ ಇರಲಿ. ಮೊದಲು ಉಂಡೆ ಮಾಡಿ ಎಸೆಯುತ್ತಿದ್ದೆ; ಜಿಲೇಬಿಗಳು ಹಿಂಡುಗಟ್ಟಿ ತಳ ಮುಟ್ಟುವ ಮುಂಚೆಯೇ ಮುಗಿಸುತ್ತಿದ್ದವು. ಈಗ ಈರುಳ್ಳಿ ತುಂಬುವ ಬಲೆಚೀಲದಲ್ಲಿ ಕಲ್ಲಿನೊಂದಿಗೆ ಕಟ್ಟಿ ತಳಕ್ಕೆ ಇಳಿಸಿ, ಗುರುತಿಗೆ ಖಾಲಿ ಬಾಟಲಿ ತೇಲಿಬಿಡುತ್ತೇನೆ. ಮೇವು ನಿಧಾನವಾಗಿ ಕರಗುತ್ತದೆ, ಬೆಳಿಗ್ಗೆ ಹೋದಾಗ ನೀರಿನಿಂದ ಗುಳ್ಳೆಗಳು ಏಳುತ್ತಿರುತ್ತವೆ. ಹೊರಡುವಾಗ ಚೀಲವನ್ನು ಎತ್ತಿಕೊಂಡೇ ಬರುತ್ತೇನೆ. ಬಿಟ್ಟು ಬಂದರೆ ಅದು ಬಲೆಯವರ ಬಲೆಗೆ ಸುತ್ತಿಕೊಂಡು ಜಗಳಕ್ಕೆ ಕಾರಣವಾಗುತ್ತದೆ. ಗಾಳಕ್ಕೆ ಅದೇ ಹಿಂಡಿಯನ್ನು ಗೋಧಿ ಹಿಟ್ಟಿನಲ್ಲಿ ಕಲಸಿದ ಅಂಟುಂಡೆ. ಒಂದು ಗಾಳ ತಳದಿಂದ ಗೇಣುದ್ದ ಮೇಲೆ, ರೋಹುವಿಗೆ; ತಳಕ್ಕೇ ಬಿಟ್ಟರೆ ಮೃಗಾಲ್. ಕಾಟ್ಲಾ ಮೇಲ್ಪದರದಲ್ಲಿ ಮೇಯುವ ಮೀನು, ಅದಕ್ಕೆ ಬೆಂಡಿನಿಂದ ನಾಲ್ಕೈದು ಅಡಿ ಸಾಕು. ಎಲ್ಲರೂ ತಳಕ್ಕೆ ಹಾಕಿ ಕಾಟ್ಲಾ ಇಲ್ಲ ಎನ್ನುತ್ತಿದ್ದರು.

ಆಷಾಢದ ಗಾಳಿಯಲ್ಲಿ ಹರಗೋಲು ಬೇಡವೇ ಬೇಡ. ಆ ಗಾಳಿಯನ್ನು ನಂಬಿಯೇ ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿದ್ದಾರೆ. ದಸರೆಯಿಂದ ಶಿವರಾತ್ರಿಯವರೆಗೆ ನನ್ನ ಹಂಗಾಮು. ಪುಷ್ಯದ ಚಳಿಯಲ್ಲಿ ನಸುಕಿಗೆ ಹೋಗಿ ನಡುಗುವುದು ವ್ಯರ್ಥ, ಬಿಸಿಲೇರಿದ ಮೇಲೆಯೇ ಮೀನು ಬಾಯಿ ತೆರೆಯುತ್ತದೆ.

ನಡುವೆ ಕೆಲವು ಹುಚ್ಚಾಟಗಳನ್ನೂ ಮಾಡಿದೆ. ಬಾಳೆಮೀನು ಬರಲಿ ಎಂದು ಕೋಳಿ ಕರುಳು ಹಾಕಿದೆ. ಬಂದದ್ದು ಆಮೆ, ಅದರ ಬಾಯಿಯಿಂದ ಗಾಳ ಬಿಡಿಸಿ ನೀರಿಗೆ ಬಿಡುವಷ್ಟರಲ್ಲಿ ಅರ್ಧ ದಿನ ಹೋಯಿತು. ಬಿಸಿಲಿಗೆ ದೊಡ್ಡ ಕೊಡೆ ಕಟ್ಟಿದೆ. ಸಣ್ಣ ಗಾಳಿಗೆ ಅದು ಹಾಯಿಯಾಗಿ ಎರಡೂ ಲಂಗರುಗಳನ್ನು ಎಳೆದುಕೊಂಡು ಹೋಯಿತು. ಈಗ ಟೋಪಿ. ರಾತ್ರಿ ಬ್ಯಾಟರಿ ದೀಪ ಇಳಿಬಿಟ್ಟು ನೋಡಿದೆ, ಹುಳುಗಳೂ ಮರಿಮೀನುಗಳೂ ಮುತ್ತಿದವು. ಸಂಘದವರು ಬಂದು ಮರಿ ಹಿಡಿಯುತ್ತಿದ್ದೀಯಾ ಎಂದು ಗದರಿಸಿದರು. ಒಂದು ಪ್ರಯೋಗ ಮಾತ್ರ ಉಳಿದುಕೊಂಡಿತು: ಹರಗೋಲಿನ ತಳಕ್ಕೆ ಹಳೆಯ ಜೀನ್ಸ್ ತುಂಡುಗಳ ಕೌದಿ ಹಾಸುವುದು. ಡಬ್ಬಿ ಬಿದ್ದರೂ ಸದ್ದಿಲ್ಲ, ಕುಳಿತವನಿಗೂ ಮೆತ್ತಗೆ.

ದೊಡ್ಡ ಮೀನು ಬಿದ್ದಾಗ ಎರಡು ಹಗ್ಗಗಳೇ ವೈರಿಗಳು, ಮೀನು ಮೊದಲು ಸುತ್ತುವುದೇ ಅವುಗಳಿಗೆ. ಆದ್ದರಿಂದ ಹಗ್ಗವನ್ನು ಅಂಚಿಗೆ ಬಿಗಿ ಗಂಟು ಹಾಕುವುದಿಲ್ಲ, ಒಂದೆಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಿ ತುದಿಗೆ ಬಾಟಲಿ ಕಟ್ಟಿರುತ್ತೇನೆ. ಮೀನು ಓಡಿತೆಂದರೆ ಎರಡನ್ನೂ ಬಿಚ್ಚಿ ಎಸೆಯುವುದು, ಹರಗೋಲನ್ನು ಮೀನಿಗೇ ಒಪ್ಪಿಸುವುದು. ಆಗ ಅದು ತಿರುಗಲಿ ಬಿಡಿ. ಹರಗೋಲನ್ನು ಎಳೆದು ಮೀನೇ ಸುಸ್ತಾಗುತ್ತದೆ, ದಾರದ ಮೇಲೆ ಜಗ್ಗು ಬೀಳುವುದಿಲ್ಲ. ಹಾಗೆ ಎಳೆಸಿಕೊಂಡ ಕಾಟ್ಲಾ ಒಂದನ್ನು ಘಟಕದ ಬಟ್ಟೆ ತೂಗುವ ತಕ್ಕಡಿಗೆ ಹಾಕಿದಾಗ ಒಂಬತ್ತು ಕಿಲೋಗೆ ಸ್ವಲ್ಪ ಕಡಿಮೆ ಬಂತು. ದಾರ 0.35 ಮಿಲಿಮೀಟರಿನದು. ಕಟ್ಟೆಯ ಮೇಲಿನವರು 0.50 ಹಾಕಿಯೂ ತುಂಡಾಯಿತು ಎನ್ನುತ್ತಾರೆ. ಕೈಬಲೆ ಹಾಕುವಾಗ ಇಬ್ಬರೂ ಒಂದೇ ಕಡೆಗೆ ವಾಲಬಾರದು, ಒಬ್ಬ ವಾಲಿದರೆ ಇನ್ನೊಬ್ಬ ಎದುರಿಗೆ ಕುಳಿತೇ ಇರಬೇಕು. ಲೈಫ್ ಜಾಕೆಟ್ ಇಲ್ಲದವನನ್ನು ನಾನು ಹತ್ತಿಸುವುದಿಲ್ಲ, ಈಜು ಬರುತ್ತದೆ ಎಂದರೂ. ಕೆಳಗಿರುವುದು ಜಾಲಿ, ಈಜುವವನ ಕಾಲನ್ನೂ ಅದು ಬಿಡುವುದಿಲ್ಲ.

ಎರಡನೆಯ ಹಂಗಾಮಿನಲ್ಲಿ ಮನೆಗೆ, ನೆಂಟರಿಗೆ ಕೊಟ್ಟು ಉಳಿದದ್ದನ್ನು ಕಿಲೋಗೆ ನೂರ ಅರವತ್ತರಿಂದ ನೂರ ಎಂಬತ್ತರವರೆಗೆ ಮಾರಿದೆ. ಒಂದು ಬೆಳಗಿನ ಮೇವು, ಪೆಟ್ರೋಲು ಎಲ್ಲ ಸೇರಿ ಇನ್ನೂರು ರೂಪಾಯಿ ಖರ್ಚು. ಬರಿಗೈಯಲ್ಲಿ ಬಂದ ದಿನಗಳನ್ನು ಕಳೆದರೂ ಹಳೆಯ ನಷ್ಟ ತುಂಬಿ ಹೊಸ ರೀಲಿನ ದುಡ್ಡು ಉಳಿಯಿತು. ಹೊಟ್ಟೆಪಾಡಿಗೆ ಆಗುವ ಕೆಲಸವಲ್ಲ, ಹೊಲಿಗೆ ಬಿಟ್ಟಿಲ್ಲ. ಈಗ ಗುಮ್ಮಗಟ್ಟದ ಕಡೆಯವರೇ ಐದಾರು ಜನ ಹರಗೋಲಿನಿಂದ ಗಾಳ ಹಾಕುತ್ತಿದ್ದಾರೆ, ಎಲ್ಲರ ಹಗ್ಗದ ತುದಿಯಲ್ಲೂ ನೀಲಿ ಕಾಲುಗಳು. ಸಂಘದವರು ಶುಲ್ಕವನ್ನು ಸಾವಿರದ ಐನೂರಕ್ಕೆ ಏರಿಸಿದರು. ಏಕೆ ಎಂದು ಕೇಳಿದವರಿಗೆಲ್ಲ ನನ್ನ ಕಡೆ ಕೈ ತೋರಿಸುತ್ತಿದ್ದಾರಂತೆ.